ನಾಲ್ಕು ಒಲೆ, ಹನ್ನೆರಡು ಎಲೆ

2025ರ ಯುಗಾದಿ ಮಾರ್ಚ್ 30ರ ಭಾನುವಾರ ಬಂತು. ಊರಲ್ಲಿದ್ದವರಿಗೆ ಭಾನುವಾರದ ಹಬ್ಬವೆಂದರೆ ಒಂದು ರಜೆ ಕೈತಪ್ಪಿತಲ್ಲ ಎನ್ನುವ ಸಣ್ಣ ಬೇಸರ, ಅಷ್ಟೇ. ಜರ್ಮನಿಯಲ್ಲಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರದು ಬೇರೆಯೇ ಪೇಚು. ಅಲ್ಲಿ ಭಾನುವಾರ ಅಂಗಡಿಗಳು ಬಾಗಿಲು ಹಾಕಬೇಕು ಎಂದು ಕಾನೂನೇ ಇದೆ. ರೈಲು ನಿಲ್ದಾಣದ ಅಂಗಡಿ, ಬೆಳಗಿನ ಹೊತ್ತು ತೆರೆಯುವ ಬೇಕರಿ ಬಿಟ್ಟರೆ ಒಂದು ಹಿಡಿ ಕೊತ್ತಂಬರಿ ಸೊಪ್ಪಿಗೂ ಗತಿಯಿಲ್ಲ. ಸಾಲದ್ದಕ್ಕೆ ಅದೇ ದಿನ ನಸುಕಿನ ಎರಡು ಗಂಟೆಗೆ ಗಡಿಯಾರಗಳು ಬೇಸಿಗೆ ಸಮಯಕ್ಕೆಂದು ಒಂದು ಗಂಟೆ ಮುಂದಕ್ಕೆ ಹೋದವು. ಎಣ್ಣೆಸ್ನಾನಕ್ಕೆ ಬೇಗ ಏಳಬೇಕೆಂದುಕೊಂಡವರ ಒಂದು ಗಂಟೆ ನಿದ್ದೆ ಯಾವ ಪಂಚಾಂಗದಲ್ಲೂ ಇಲ್ಲದ ಲೆಕ್ಕಕ್ಕೆ ಜಮೆಯಾಯಿತು.

ಹೀಗೆ ಪೇಚಾಡುವವರ ಸಂಖ್ಯೆ ಸಣ್ಣದಲ್ಲ. 2023-24ರ ಚಳಿಗಾಲದ ಸೆಮಿಸ್ಟರಿನಲ್ಲಿ ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 49 ಸಾವಿರಕ್ಕೂ ಹೆಚ್ಚು. ಅಲ್ಲಿಗೆ ಹೋಗುವ ವಿದೇಶಿ ವಿದ್ಯಾರ್ಥಿಗಳಲ್ಲಿ ಈಗ ನಮ್ಮವರದೇ ದೊಡ್ಡ ಗುಂಪು. ಅವರಲ್ಲಿ ಕನ್ನಡದ ಮಕ್ಕಳೂ ಬೇಕಾದಷ್ಟಿದ್ದಾರೆ. ಮೊದಲ ವರ್ಷ ವಿಡಿಯೋ ಕಾಲಿನಲ್ಲೇ ಮನೆಯವರ ಹೋಳಿಗೆ ನೋಡಿ ತೃಪ್ತಿಪಡುತ್ತಾರೆ. ಎರಡನೆಯ ವರ್ಷಕ್ಕೆ ಧೈರ್ಯ ಬರುತ್ತದೆ. ಹಾಸ್ಟೆಲಿನ ಸ್ನೇಹಿತರನ್ನೆಲ್ಲ ಕರೆದು ಹಬ್ಬದೂಟ ಹಾಕಿಬಿಡೋಣ ಎನಿಸುತ್ತದೆ. ಅಲ್ಲಿಂದ ಅಮ್ಮನಿಗೆ ಫೋನು, ಪಟ್ಟಿ, ಪಟ್ಟಿಯ ಮೇಲೆ ಪಟ್ಟಿ.

ಆ ಪಟ್ಟಿಯೇ ಮೊದಲ ಶತ್ರು. ಎರಡು ಪಲ್ಯ, ಎರಡು ಕೋಸಂಬರಿ, ಗೊಜ್ಜು, ಚಿತ್ರಾನ್ನ, ಆಂಬೊಡೆ, ತೊವ್ವೆ, ಸಾರು, ಹುಳಿ, ಪಾಯಸ, ಹೋಳಿಗೆ. ಇದು ನಾಲ್ಕೈದು ಹೆಂಗಸರು ಹಿಂದಿನ ದಿನವೇ ಶುರುಮಾಡಿ, ಎರಡು ಒಲೆ, ಒಂದು ಗ್ರೈಂಡರು, ಹಿತ್ತಲಿನ ನಲ್ಲಿ ಎಲ್ಲವನ್ನೂ ದುಡಿಸಿ ಎಬ್ಬಿಸುವ ಅಡುಗೆ. ಹತ್ತು ಕೋಣೆಗಳಿಗೆ ಒಂದೇ ಅಡುಗೆಮನೆ, ಅದರಲ್ಲಿ ನಾಲ್ಕು ಒಲೆ, ಅದರಲ್ಲೂ ಒಂದು ಕೆಟ್ಟಿರುವ ಜಾಗದಲ್ಲಿ ಒಬ್ಬ ಎಂ.ಎಸ್. ವಿದ್ಯಾರ್ಥಿ ಅದನ್ನು ಮಾಡಲು ಹೊರಟರೆ ಎಲೆ ಹಾಕುವ ಹೊತ್ತಿಗೆ ಅವನಿಗೇ ಜ್ವರ. ನನ್ನ ಸಲಹೆ ಸರಳ: ಅಡುಗೆ ಐದಕ್ಕಿಳಿಸಿ, ಬಡಿಸುವುದನ್ನು ಮಾತ್ರ ಬಿಡಬೇಡಿ. ಹನ್ನೆರಡು ಬಗೆ ಮಾಡಿ ಮೇಜಿನ ಮೇಲೆ ಸಾಲಾಗಿಟ್ಟು ಬೇಕಾದ್ದು ಹಾಕಿಕೊಳ್ಳಿ ಎನ್ನುವುದಕ್ಕಿಂತ, ಐದೇ ಬಗೆ ಮಾಡಿ ಪಂಕ್ತಿ ಕೂರಿಸಿ ಬಡಿಸಿದ್ದು ಹೆಚ್ಚು ಯುಗಾದಿ.

ಇನ್ನು ಸಾಮಾನಿನ ವಿಚಾರ. ಊರಿಂದ ಬರುವವರ ಸೂಟ್‌ಕೇಸು ನಂಬಿ ಹಬ್ಬ ಇಟ್ಟುಕೊಳ್ಳಬೇಡಿ. ಐರೋಪ್ಯ ಒಕ್ಕೂಟದ ಹೊರಗಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವಂತಿಲ್ಲ. ಅಂದರೆ ಅಜ್ಜಿ ಕಾಯಿಸಿಕೊಟ್ಟ ತುಪ್ಪದ ಡಬ್ಬಿಗೆ ವಿಮಾನ ನಿಲ್ದಾಣದಲ್ಲೇ ಕೊನೆ. 2019ರ ಡಿಸೆಂಬರ್ 14ರಿಂದ ಹಸಿ ಸೊಪ್ಪು, ತರಕಾರಿ, ಹಣ್ಣುಗಳಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ವಿನಾಯಿತಿ ಇರುವುದು ಐದೇ ಹಣ್ಣಿಗೆ: ಅನಾನಸ್, ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರ, ದುರಿಯನ್. ದುರಿಯನ್ ನಮಗೆ ಬೇಡ, ಉಳಿದ ನಾಲ್ಕು ನೋಡಿದರೆ ಯಾರೋ ಪೂಜೆಯ ತಟ್ಟೆ ಮುಂದಿಟ್ಟುಕೊಂಡೇ ಕಾನೂನು ಬರೆದಂತಿದೆ. ಆದರೆ ಬಾಳೆಹಣ್ಣು ಬರಬಹುದು, ಬಾಳೆಲೆ ಬರುವಂತಿಲ್ಲ. ಕರಿಬೇವು, ಮಾವಿನೆಲೆ, ಬೇವಿನ ಹೂವು ಯಾವುದೂ ಕಾಗದವಿಲ್ಲದೆ ದಾಟದು.

ಹಾಗಂತ ಕೈಚೆಲ್ಲಬೇಕಿಲ್ಲ. ತುಪ್ಪ ಅಲ್ಲೇ ಇದೆ. ಯಾವುದೇ ಸೂಪರ್ ಮಾರ್ಕೆಟಿನಲ್ಲಿ ಬೆಣ್ಣೆಯ ಪಕ್ಕದಲ್ಲೇ ‘ಬುಟರ್‌ಶ್ಮಾಲ್ಟ್ಸ್’ ಎಂಬ ಹಳದಿ ಡಬ್ಬಿ ಇರುತ್ತದೆ. ಅದು ನೀರು ಮತ್ತು ಹಾಲಿನಂಶ ತೆಗೆದ ಬೆಣ್ಣೆ. ನಮ್ಮ ತುಪ್ಪದಷ್ಟು ಕಾಯಿಸಿರುವುದಿಲ್ಲ, ಆದ್ದರಿಂದ ಘಮ ಕಡಿಮೆ. ಘಮವೇ ಬೇಕೆನ್ನುವವರು ಉಪ್ಪಿಲ್ಲದ ಬೆಣ್ಣೆ ಎರಡು ಪ್ಯಾಕೆಟ್ ತಂದು ಸಣ್ಣ ಉರಿಯಲ್ಲಿ ಕಾಯಿಸಿಕೊಳ್ಳಲಿ, ಅರ್ಧ ಗಂಟೆಯ ಕೆಲಸ. ಬೇಳೆಗಳಿಗೆ ತುರ್ಕರ ಅಂಗಡಿ, ಇಲ್ಲವೇ ಏಷ್ಯನ್ ಅಂಗಡಿ. ಒಣ ಕೊಬ್ಬರಿ ತುರಿ ಕೇಕಿನ ಸಾಮಾನು ಇಡುವ ಕಡೆ ಸಿಗುತ್ತದೆ, ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಪಲ್ಯಕ್ಕೆ ಸಾಕು. ಅಲ್ಲಿನ ಮೊಸರು ಬಹಳ ಸಪ್ಪೆ. ಮೊಸರನ್ನಕ್ಕೆ ಅದೇ ಒಳ್ಳೆಯದು, ಮಜ್ಜಿಗೆ ಹುಳಿಗೆ ಮಾತ್ರ ಹಿಂದಿನ ದಿನವೇ ಹೊರಗಿಟ್ಟು ಹುಳಿ ಬರಿಸಬೇಕು. ಮಾವಿನಕಾಯಿ ಸಿಗದಿದ್ದರೆ ಹುಳಿ ಇರುವ ಹಸಿರು ಸೇಬು ತುರಿದು ನಿಂಬೆಹಣ್ಣು ಹಿಂಡಿ ಚಿತ್ರಾನ್ನ ಕಲಸಿ, ತಿಂದವರಿಗೆ ಗುಟ್ಟು ಗೊತ್ತಾಗುವುದು ಕಷ್ಟ.

ಹೋಳಿಗೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಬೇರೆಲ್ಲ ಕೆಟ್ಟರೂ ಮುಚ್ಚಿಡಬಹುದು, ಹೋಳಿಗೆ ಹರಿದರೆ ಹಬ್ಬವೇ ಹರಿದಂತೆ ಮುಖ ಮಾಡುತ್ತಾರೆ.

ಮೊದಲು ಹಿಟ್ಟು. ಜರ್ಮನಿಯ ಗೋಧಿ ಹಿಟ್ಟಿನ ಪೊಟ್ಟಣದ ಮೇಲೆ ಒಂದು ಸಂಖ್ಯೆ ಇರುತ್ತದೆ: 405, 550, 1050. ನೂರು ಗ್ರಾಂ ಒಣಹಿಟ್ಟು ಸುಟ್ಟರೆ ಎಷ್ಟು ಮಿಲಿಗ್ರಾಂ ಬೂದಿ ಉಳಿಯುತ್ತದೆ ಎನ್ನುವ ಲೆಕ್ಕ ಅದು. ತೌಡಿನ ಅಂಶ ಹೆಚ್ಚಿದ್ದಷ್ಟೂ ಬೂದಿ ಹೆಚ್ಚು, ಸಂಖ್ಯೆಯೂ ದೊಡ್ಡದು. 405 ನೋಡಲು ನಮ್ಮ ಮೈದಾ ಹಿಟ್ಟಿನ ಹಾಗೆಯೇ ಬೆಳ್ಳಗಿರುತ್ತದೆ, ಎಲ್ಲರೂ ಅದನ್ನೇ ತರುತ್ತಾರೆ. ಆದರೆ ಅದು ಕೇಕಿಗೆ ಹೇಳಿಮಾಡಿಸಿದ್ದು, ಎಳೆದರೆ ತಡೆಯುವ ಜಿಗುಟು ಕಡಿಮೆ. ಕಣಕಕ್ಕೆ 550 ವಾಸಿ. ಒಂದು ಚಿಟಿಕೆ ಅರಿಶಿನ, ಉಪ್ಪು ಹಾಕಿ ಸಡಿಲವಾಗಿ ಕಲಸಿ, ಮೇಲೆ ಧಾರಾಳವಾಗಿ ಎಣ್ಣೆ ಹಾಕಿ ನಾದಿ, ಎರಡು ಮೂರು ಗಂಟೆ ಮುಚ್ಚಿಡಿ. ಅವಸರದವರಿಗೆ ಹೋಳಿಗೆ ಅಲ್ಲ, ಪಾಯಸ.

ಹೂರಣ ಕಡಲೆಬೇಳೆಯದೋ ತೊಗರಿಬೇಳೆಯದೋ ಎನ್ನುವ ಜಗಳ ಧಾರವಾಡದವರೂ ಮೈಸೂರಿನವರೂ ಒಂದೇ ಹಾಸ್ಟೆಲಿನಲ್ಲಿದ್ದರೆ ತಪ್ಪಿದ್ದಲ್ಲ. ನಡೆಯಲಿ ಬಿಡಿ. ಯಾವ ಬೇಳೆಯಾದರೂ ಕುಕ್ಕರಿಗೆ ಹಾಕಬೇಡಿ, ತೆರೆದ ಪಾತ್ರೆಯಲ್ಲಿ ಬೇಯಿಸಿ. ಬೆರಳಲ್ಲಿ ಹಿಚುಕಿದರೆ ಪುಡಿಯಾಗಬೇಕು, ಪಾತ್ರೆಯಲ್ಲಿ ಮಾತ್ರ ಕಾಳಿನಂತೆಯೇ ಕಾಣಬೇಕು. ಆಗ ಕಟ್ಟು ಸೋಸಿ ತೆಗೆದು ಸಾರಿಗಿಟ್ಟುಕೊಳ್ಳಿ. ಬೆಲ್ಲ ಸೇರಿಸಿ, ಸೌಟು ಊರಿದರೆ ನಿಲ್ಲುವವರೆಗೆ ಕೈಯಾಡಿಸಿ, ಆಮೇಲೆ ರುಬ್ಬಿ. ಹಾಸ್ಟೆಲಿನವರು ಎಡವುವುದು ಇಲ್ಲೇ. ಮಿಕ್ಸಿ ಇಲ್ಲವೆಂದು ಸೂಪಿಗೆ ಬಳಸುವ ಕೈ ಬ್ಲೆಂಡರನ್ನು ನೀರಿರುವ ಬೇಳೆಗೇ ಇಳಿಸುತ್ತಾರೆ, ಹೂರಣ ಗಂಜಿಯಾಗುತ್ತದೆ. ಪೂರ್ತಿ ಆರಿಸಿ, ಮಾಂಸ ಕೊಚ್ಚುವ ಕೈಯಂತ್ರ ಯಾರ ಬಳಿಯಾದರೂ ಇದ್ದರೆ ಚೆನ್ನಾಗಿ ತೊಳೆದು ಅದರಲ್ಲಿ ತಿರುಗಿಸಿದರೆ ಒರಳಿನಲ್ಲಿ ರುಬ್ಬಿದಷ್ಟೇ ನುಣ್ಣಗೆ ಬರುತ್ತದೆ. ಮಡಿವಂತರು ಈ ವಾಕ್ಯ ಓದಿಲ್ಲವೆಂದುಕೊಳ್ಳಿ.

ತಟ್ಟಲು ಬಾಳೆಲೆ ಬೇಕಿಲ್ಲ. ಅಲ್ಲಿನ ಪ್ರತಿ ಅಡುಗೆಮನೆಯಲ್ಲೂ ಒವನ್ನಿಗೆ ಹಾಸುವ ಬೇಕಿಂಗ್ ಕಾಗದದ ಸುರುಳಿ ಇರುತ್ತದೆ. ಅದಕ್ಕೆ ಎಣ್ಣೆ ಸವರಿ ತಟ್ಟಿ, ಕಾಗದದ ಸಮೇತ ಕಾವಲಿಯ ಮೇಲೆ ಬೋರಲು ಹಾಕಿ, ಎರಡು ಗಳಿಗೆ ಬಿಟ್ಟು ಕಾಗದ ಸುಲಿಯಿರಿ. ಇಷ್ಟು ಸಲೀಸಾಗಿ ಬಾಳೆಲೆಯೂ ಬಿಡುವುದಿಲ್ಲ. ಕಾವಲಿ ಮಾತ್ರ ಚಪ್ಪಟೆ ತಳದ್ದೇ ಆಗಬೇಕು. ಗಾಜಿನ ಒಲೆಯ ಮೇಲೆ ಗುಂಡುತಳದ ತವಾ ನಡುವೆ ಮಾತ್ರ ತಾಗುತ್ತದೆ, ನಡು ಕರಕಲು, ಅಂಚು ಹಸಿ. ಇಂಡಕ್ಷನ್ ಒಲೆಯಾಗಿದ್ದರೆ ಅಲ್ಯುಮಿನಿಯಂ ತವಾ ಕಾಯುವುದೇ ಇಲ್ಲ. ತಳಕ್ಕೆ ಫ್ರಿಜ್ಜಿನ ಮ್ಯಾಗ್ನೆಟ್ ಅಂಟಿದರೆ ಸರಿ, ಇಲ್ಲದಿದ್ದರೆ ಬೇರೆ ಪಾತ್ರೆ ಹುಡುಕಿ.

ಕುಕ್ಕರಿನದು ಇನ್ನೊಂದು ಗೋಳು. ‘ಮೂರು ಸೀಟಿ ಕೂಗಿಸು’ ಎಂದು ಅಮ್ಮ ಹೇಳಿರುತ್ತಾರೆ, ಅಲ್ಲಿನ ಕುಕ್ಕರು ಕೂಗುವುದೇ ಇಲ್ಲ. ನಮ್ಮದರ ಮುಚ್ಚಳದ ಮೇಲಿನ ವೆಯ್ಟು ಒತ್ತಡ ಹೆಚ್ಚಾದಾಗ ಎದ್ದು ಹಬೆ ಬಿಡುತ್ತದೆ, ಅದೇ ಸೀಟಿ. ಅವರದರಲ್ಲಿ ಸ್ಪ್ರಿಂಗಿನ ಕವಾಟ, ಮೇಲೆ ಒಂದು ಸಣ್ಣ ಕಡ್ಡಿ, ಅದರಲ್ಲಿ ಎರಡು ಗೆರೆ. ಎರಡನೆಯ ಗೆರೆ ಕಂಡ ಮೇಲೆ ಉರಿ ತಗ್ಗಿಸಿ ನಿಮಿಷ ಲೆಕ್ಕ ಹಾಕಬೇಕು. ನೆನೆಸಿದ ತೊಗರಿಬೇಳೆಗೆ ಎಂಟು ಹತ್ತು ನಿಮಿಷ ಸಾಕು.

ಒಗ್ಗರಣೆಗೆ ಮುಂಚೆ ತಲೆಯೆತ್ತಿ ಸೀಲಿಂಗ್ ನೋಡಿ. ಸಾಮಾನ್ಯವಾಗಿ ಅಡುಗೆಮನೆಯಲ್ಲಿ ಶಾಖಕ್ಕೆ ಎಚ್ಚರಗೊಳ್ಳುವ ಯಂತ್ರ ಹಾಕಿರುತ್ತಾರೆ, ಕಾರಿಡಾರಿನಲ್ಲಿ ಹೊಗೆಗೆ ಎಚ್ಚರಗೊಳ್ಳುವುದು. ಮೆಣಸಿನಕಾಯಿ ಘಾಟು ಎದ್ದ ಕೂಡಲೇ ಎಲ್ಲರೂ ಮಾಡುವುದು ಕಾರಿಡಾರಿನ ಬಾಗಿಲು ತೆರೆಯುವುದು. ಅದನ್ನೇ ಮಾಡಬಾರದು. ಕಿಟಕಿ ತೆರೆಯಿರಿ, ಬಾಗಿಲು ಮುಚ್ಚಿ. ದೊಡ್ಡ ಹಾಸ್ಟೆಲುಗಳಲ್ಲಿ ಈ ಯಂತ್ರದ ತಂತಿ ನೇರ ಅಗ್ನಿಶಾಮಕ ಠಾಣೆಗೆ ಹೋಗಿರುತ್ತದೆ. ಗಾಡಿ ಬಂದು ನೋಡಿದರೆ ಇಂಗು ಸಾಸಿವೆ. ಆ ಓಡಾಟದ ಖರ್ಚು ನಿಮ್ಮ ತಲೆಗೇ ಬರಬಹುದು.

ಯಾವ ದಿನ ಕರೆಯಬೇಕು? ಹಬ್ಬದ ದಿನವೇ ಎಂಬ ಹಟ ಬೇಡ ಎನ್ನುವುದು ನನ್ನ ಪಕ್ಷ. ಬೆಳಗ್ಗೆ ದೇವರಿಗೆ ದೀಪ ಹಚ್ಚಿ ಬೇವು ಬೆಲ್ಲ ಬಾಯಿಗೆ ಹಾಕಿಕೊಂಡರೆ ತಿಥಿಯ ಬಾಕಿ ತೀರಿತು. ಊಟ ಶನಿವಾರಕ್ಕಿರಲಿ. ಈ ವಿಷಯದಲ್ಲಿ ಅದೇ ಹಾಸ್ಟೆಲಿನ ಅಮೆರಿಕದ ವಿದ್ಯಾರ್ಥಿಗಳನ್ನು ನೋಡಿ ಕಲಿಯಬಹುದು. ಅವರ ದೊಡ್ಡ ಊಟ ಥ್ಯಾಂಕ್ಸ್‌ಗಿವಿಂಗ್. 1863ರಲ್ಲಿ ಲಿಂಕನ್ ದೇಶಕ್ಕೆಲ್ಲ ಒಂದೇ ದಿನವೆಂದು ಸಾರಿದ್ದು, 1941ರ ಕಾನೂನಿನಿಂದ ನವೆಂಬರಿನ ನಾಲ್ಕನೆಯ ಗುರುವಾರವೆಂದು ನಿಂತದ್ದು. ಯುರೋಪಿನಲ್ಲಿ ಆ ಗುರುವಾರ ಮಾಮೂಲಿ ಕೆಲಸದ ದಿನ. ಇಡೀ ಟರ್ಕಿ ಕೋಳಿ ಬೇಕೆಂದರೆ ಮಾಂಸದಂಗಡಿಯವನಿಗೆ ಮೊದಲೇ ಹೇಳಿಡಬೇಕು, ಅವನಿಗೆ ಅದು ಕ್ರಿಸ್‌ಮಸ್ಸಿನ ಸರಕು. ತಂದರೂ ಹಾಸ್ಟೆಲಿನ ಪುಟ್ಟ ಒವನ್ನಿಗೆ ಹಿಡಿಯುವುದಿಲ್ಲ. ಆ ಮಕ್ಕಳು ತಲೆಕೆಡಿಸಿಕೊಳ್ಳದೆ ಊಟವನ್ನು ವಾರಾಂತ್ಯಕ್ಕೆ ತಳ್ಳುತ್ತಾರೆ, ಇಡೀ ಹಕ್ಕಿಯ ಬದಲು ತೊಡೆ, ಎದೆಯ ತುಂಡು ತರುತ್ತಾರೆ, ಬಂದವರಿಗೆಲ್ಲ ಒಂದೊಂದು ಪದಾರ್ಥ ಹಂಚುತ್ತಾರೆ. ಅದೇ ಥ್ಯಾಂಕ್ಸ್‌ಗಿವಿಂಗಿಗೆ ಅಮೆರಿಕದಲ್ಲಿ ಓದುವ ನಮ್ಮ ಎಷ್ಟೋ ಮಕ್ಕಳು ಪ್ರೊಫೆಸರರ ಮನೆಯಲ್ಲಿ ಉಂಡಿದ್ದಾರೆ. ಕ್ಯಾಂಪಸ್ಸು ಖಾಲಿಯಾಗುವ ಆ ನಾಲ್ಕು ದಿನ ಹೊರದೇಶದ ವಿದ್ಯಾರ್ಥಿಗಳನ್ನು ಮನೆಗೆ ಕರೆಯುವುದು ಅಲ್ಲಿ ಬೆಳೆದುಬಂದ ರೂಢಿ.

ಯುಗಾದಿಗೆ ಇನ್ನೊಂದು ಅನುಕೂಲವಿದೆ. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಪಾಠಗಳು ಫೆಬ್ರುವರಿಯಲ್ಲಿ ಮುಗಿದು, ಬೇಸಿಗೆಯ ಪಾಠಗಳು ಶುರುವಾಗುವುದು ಏಪ್ರಿಲ್ ಮಧ್ಯಕ್ಕೆ. ಯುಗಾದಿ ಬಹುಪಾಲು ಆ ನಡುವೆಯೇ ಬೀಳುತ್ತದೆ. ಪರೀಕ್ಷೆಯ ಒತ್ತಡ ಇಳಿದಿರುತ್ತದೆ, ಅಡುಗೆಮನೆಯೂ ಖಾಲಿ. ಆಸುಪಾಸಿನಲ್ಲೇ ಬೇರೆಯವರ ಹಬ್ಬಗಳೂ ಇರುತ್ತವೆ ಎನ್ನುವುದು ಮಾತ್ರ ಗಮನದಲ್ಲಿರಲಿ. 2026ರ ಯುಗಾದಿ ಮಾರ್ಚ್ 19ರ ಗುರುವಾರ. ಮರುದಿನ ಇರಾನಿನವರ ನವ್‌ರೋಜ್, ರಂಜಾನ್ ತಿಂಗಳೂ ಅದೇ ಹೊತ್ತಿಗೆ ಮುಗಿಯುತ್ತದೆ. ಉಪವಾಸದ ಗೆಳೆಯರಿದ್ದರೆ ಮಧ್ಯಾಹ್ನ ಎಲೆ ಹಾಕಿ ಪ್ರಯೋಜನವಿಲ್ಲ, ಸೂರ್ಯ ಮುಳುಗಿದ ಮೇಲೆ ಹಾಕಿ. ಖರ್ಜೂರದ ಪೊಟ್ಟಣವೊಂದು ಜೊತೆಗಿರಲಿ.

ಕರೆಯುವಾಗಲೇ ಒಂದು ಮಾತು ಕೇಳಿಬಿಡಿ: ನಿಮಗೆ ಯಾವುದು ಆಗಿಬರುವುದಿಲ್ಲ? ನಮ್ಮಲ್ಲಿ ಇದನ್ನು ಕೇಳುವ ರೂಢಿ ಕಡಿಮೆ, ಅಲ್ಲಿ ಕೇಳದಿರುವುದು ಅಪಾಯ. ಐರೋಪ್ಯ ಒಕ್ಕೂಟದ ಕಾನೂನು ಅಲರ್ಜಿ ತರುವ 14 ಪದಾರ್ಥಗಳನ್ನು ಹೆಸರಿಸಿದೆ. ಗೋಧಿ, ಹಾಲು, ನೆಲಗಡಲೆ, ಗೋಡಂಬಿಯಂಥ ಬೀಜಗಳು, ಎಳ್ಳು, ಸಾಸಿವೆ ಎಲ್ಲವೂ ಆ ಪಟ್ಟಿಯಲ್ಲಿವೆ. ಸಾಸಿವೆ ಬಿಟ್ಟ ಒಗ್ಗರಣೆ ಯಾವುದು ಹೇಳಿ? ಇಂಗಿನಲ್ಲೂ ಒಂದು ಗುಟ್ಟಿದೆ. ನಾವು ತರುವ ಪುಡಿ ಇಂಗು ಶುದ್ಧ ಇಂಗಲ್ಲ, ಅದಕ್ಕೆ ಹಿಟ್ಟು ಬೆರೆಸಿರುತ್ತಾರೆ, ಸಾಮಾನ್ಯವಾಗಿ ಗೋಧಿ ಹಿಟ್ಟು. ಗೋಧಿ ತಿನ್ನಬಾರದ ರೋಗದವರಿಗೆ ‘ಇದು ಬರೀ ಅನ್ನ ಸಾರು’ ಎಂದು ಬಡಿಸಿದರೆ ಸಾರಿನ ಇಂಗೇ ಕೆಡುಕು ಮಾಡುತ್ತದೆ. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ. ಹಾಲು ಬೆಣ್ಣೆ ಯಾವುದನ್ನೂ ಮುಟ್ಟದ ವೀಗನ್ನರು ಮೂವರಾದರೂ ಇದ್ದೇ ಇರುತ್ತಾರೆ. ಅವರಿಗೆ ನಮ್ಮ ಊಟದಷ್ಟು ಸುಲಭವಾದದ್ದು ಇನ್ನೊಂದಿಲ್ಲ. ಕೋಸಂಬರಿ, ಪಲ್ಯ, ಚಿತ್ರಾನ್ನ ಹೇಗಿದೆಯೋ ಹಾಗೆ, ಹೋಳಿಗೆ ಎಣ್ಣೆಯಲ್ಲಿ ಬೇಯಿಸಿದ್ದು, ಪಾಯಸಕ್ಕೆ ತೆಂಗಿನ ಹಾಲು.

ಇಲ್ಲೇ ಇನ್ನೊಂದು ಮಾತು. ಕರ್ನಾಟಕದ ಹಬ್ಬದೂಟವೆಂದರೆ ಸಸ್ಯಾಹಾರವೇ ಎಂದು ಬಂದವರಿಗೆ ಹೇಳಿ ಕಳಿಸಬೇಡಿ. ಹಳೇ ಮೈಸೂರಿನ ಕಡೆ ಯುಗಾದಿಯ ಮರುದಿನ ಹೊಸತೊಡಕು. ಅವತ್ತು ಮಾಂಸದಂಗಡಿಗಳ ಮುಂದೆ ಬೆಳಗಿನಿಂದಲೇ ಸಾಲು. ಮಂಡ್ಯದ ಹುಡುಗನೊಬ್ಬ ಹೊಸತೊಡಕಿನ ಹೆಸರಲ್ಲೇ ಮುದ್ದೆ, ಮಟನ್ ಸಾರು ಮಾಡಿ ಕರೆದರೆ ಅದೂ ಯುಗಾದಿಯ ಊಟವೇ. ರಾಗಿ ಹಿಟ್ಟು ಏಷ್ಯನ್ ಅಂಗಡಿಯಲ್ಲಿ, ಕುರಿಮಾಂಸ ತುರ್ಕರ ಅಂಗಡಿಯಲ್ಲಿ. ಹೋಳಿಗೆ ತಟ್ಟುವುದಕ್ಕಿಂತ ಕೆಲಸ ಕಡಿಮೆ.

ಈಗ ಎಲೆ ಹಾಕೋಣ. ಏಷ್ಯನ್ ಅಂಗಡಿಯ ಫ್ರೀಜರಿನಲ್ಲಿ ಮಡಿಚಿದ ಬಾಳೆಲೆ ಸಿಗುತ್ತದೆ. ಕತ್ತರಿಸಿ ಮಡಿಚಿರುವುದರಿಂದ ತುದಿ ಎಡಕ್ಕೆ ಬರಬೇಕೆಂದು ಹುಡುಕಿದರೆ ತುದಿಯೇ ಇರುವುದಿಲ್ಲ. ಕರಗಿಸಿ ಒರೆಸಿ, ಬಿಸಿ ಒಲೆಯ ಮೇಲೆ ಒಮ್ಮೆ ಹಾಯಿಸಿದರೆ ಬಿರಿಯುವುದಿಲ್ಲ. ಅಡಿಯಲ್ಲಿ ತಟ್ಟೆ ಇಡಿ. ನೆಲದ ಮೇಲೆ ಕೂರುವುದು ಎಲ್ಲರಿಗೂ ಆಗದು, ಉದ್ದದ ಮೇಜುಗಳನ್ನು ಜೋಡಿಸಿ ಒಂದೇ ಬದಿಗೆ ಕುರ್ಚಿ ಹಾಕಿ. ಎದುರು ಬದಿ ಖಾಲಿ ಬಿಡಬೇಕು, ಬಡಿಸುವವರು ಓಡಾಡಬೇಕಲ್ಲ. ಆರು ಗಂಟೆಗೆ ಎಂದು ಹೇಳಿದ್ದರೆ ಜರ್ಮನರು ಆರು ಗಂಟೆಗೇ ಬಾಗಿಲಲ್ಲಿರುತ್ತಾರೆ. ನಮ್ಮವರ ಆರು ಗಂಟೆ ನಿಮಗೆ ಗೊತ್ತು. ಕನ್ನಡದವರಿಗೆ ಐದಕ್ಕೆ ಹೇಳಿ, ಕೊಬ್ಬರಿ ಹುರಿಯುವ ಕೆಲಸ ಕೊಡಿ.

ಮೊದಲು ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಬಲಗಡೆಗೆ ಪಾಯಸ. ನಡುವೆ ಅನ್ನ, ತೊವ್ವೆ, ತುಪ್ಪ. ಅಲ್ಲಿಂದ ಸಾರು, ಹೋಳಿಗೆ, ಕೊನೆಗೆ ಮಜ್ಜಿಗೆ. ಅಲ್ಲಿಯವರಿಗೆ ಹೊಸದೆನಿಸುವುದು ಈ ಕ್ರಮ. ಎಲ್ಲವನ್ನೂ ಒಂದೇ ಸಲ ತಟ್ಟೆಗೆ ಹಾಕಿಕೊಂಡು ಕಲಸಿಬಿಡುವ ‘ಇಂಡಿಯನ್ ಬಫೆ’ ಅವರಿಗೆ ಊರೂರಲ್ಲಿ ಗೊತ್ತು. ಪಕ್ಕದಲ್ಲಿ ಬಂದು ನಿಂತು, ಎಲೆ ನೋಡಿ, ಇನ್ನೊಂದು ಸೌಟು ಹಾಕುವ ಮನುಷ್ಯ ಗೊತ್ತಿಲ್ಲ. ಒಂದು ಗೊಂದಲ ಮಾತ್ರ ಪ್ರತಿ ಸಲ ಆಗುತ್ತದೆ. ತಟ್ಟೆ ಖಾಲಿ ಮಾಡುವುದು ಅವರ ಮರ್ಯಾದೆ, ಸಾಕಾಯಿತು ಎಂಬುದರ ಗುರುತು. ಖಾಲಿ ಎಲೆ ಕಂಡರೆ ಬಡಿಸುವುದು ನಮ್ಮ ಮರ್ಯಾದೆ. ಅವರು ಸಂಕೋಚಕ್ಕೆ ಮುಗಿಸುತ್ತಾರೆ, ನಾವು ಉಪಚಾರಕ್ಕೆ ಹಾಕುತ್ತೇವೆ, ಮೂರನೆಯ ಹೋಳಿಗೆಗೆ ಪಾಪ ಕಣ್ಣು ಮೇಲಾಗುತ್ತದೆ. ಕೂತ ಕೂಡಲೇ ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯುವುದನ್ನು ತೋರಿಸಿಕೊಡಿ. ಕೈ ಅಡ್ಡ ಬಂದರೆ ಸೌಟು ನಿಲ್ಲುತ್ತದೆ, ಒಂದೇ ಒಂದು ಎಂದು ಒತ್ತಾಯ ಮಾಡುವ ಹಕ್ಕು ಮಾತ್ರ ನಮ್ಮಲ್ಲೇ ಉಳಿದಿರುತ್ತದೆ. ಚಮಚ ಪಕ್ಕದಲ್ಲಿಡಿ, ಕೈಯಲ್ಲಿ ಉಣ್ಣಲೇಬೇಕೆಂಬ ಪರೀಕ್ಷೆ ಬೇಡ.

ಬಡಿಸುವ ಕೆಲಸಕ್ಕೆ ಬರೀ ನಮ್ಮವರನ್ನೇ ನಿಲ್ಲಿಸಬೇಡಿ. ಎರಡನೆಯ ಪಂಕ್ತಿಗೆ ಮೊದಲ ಪಂಕ್ತಿಯಲ್ಲಿ ಉಂಡವರ ಕೈಗೆ ಸೌಟು ಕೊಡಿ. ಪಕ್ಕದ ಕೋಣೆಯ ಸಿರಿಯಾದ ಹುಡುಗನಿಗೆ ಹೇಳಿಕೊಡುವುದೇ ಬೇಕಿಲ್ಲ, ಉಪಚಾರದ ಒತ್ತಾಯದಲ್ಲಿ ಅವರು ನಮ್ಮನ್ನೂ ಮೀರಿಸಿದವರು. ಜರ್ಮನ್ ಹುಡುಗಿ ಪ್ರತಿಯೊಬ್ಬರಿಗೂ ಅಳತೆ ಮಾಡಿದಂತೆ ಒಂದೇ ಸಮ ಸಾರು ಹಾಕಿಕೊಂಡು ಹೋಗುತ್ತಾಳೆ, ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ನಮ್ಮ ಪಂಕ್ತಿಭೇದದ ಚರಿತ್ರೆ ಗೊತ್ತಿದ್ದವರಿಗೆ ಅದನ್ನು ನೋಡುವುದೇ ಒಂದು ಸಮಾಧಾನ.

ಬೇವು ಬೆಲ್ಲ ಊಟಕ್ಕೆ ಮೊದಲೇ ಹಂಚಿ. ಹಸಿ ಬೇವು ಸಿಗದು, ಕೆಲವು ಅಂಗಡಿಗಳಲ್ಲಿ ಒಣ ಎಲೆ ಸಿಗುತ್ತದೆ. ಅದೂ ಇಲ್ಲವೆಂದರೆ ಮೆಂತ್ಯದ ಪುಡಿ ಒಂದು ಚಿಟಿಕೆ ಬೆಲ್ಲದ ಜೊತೆ, ಕಹಿಗೇನೂ ಕೊರತೆಯಾಗುವುದಿಲ್ಲ. ಏಕೆ ಕಹಿ ಎಂದು ಕೇಳಿದರೆ ಎರಡು ವಾಕ್ಯದಲ್ಲಿ ಮುಗಿಸಿ. ಭಾಷಣ ಉದ್ದವಾದರೆ ತೊವ್ವೆ ಆರುತ್ತದೆ.

ಕೊನೆಯಲ್ಲಿ ಪಾತ್ರೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಅಲ್ಲಿ ಸದ್ದು ಮಾಡುವಂತಿಲ್ಲ, ಆದ್ದರಿಂದ ಒಂಬತ್ತಕ್ಕೆ ತೊಳೆಯಲು ಶುರುಮಾಡಿ. ಉಳಿದ ಅನ್ನ, ಚಿತ್ರಾನ್ನವನ್ನು ಒಲೆಯ ಮೇಲೆ ಬೆಳಗಿನವರೆಗೆ ಬಿಡಬೇಡಿ. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆರಿಸಿ ಫ್ರಿಜ್ಜಿಗೆ ಸೇರಿಸಿ, ಇಲ್ಲವೇ ಬಂದವರ ಡಬ್ಬಿಗೆ ತುಂಬಿ. ಹೋಳಿಗೆ ಎಷ್ಟು ಉಳಿಯಿತು ಎಂದು ಮಾತ್ರ ಯಾರೂ ಕೇಳಿದ್ದು ನನಗೆ ಗೊತ್ತಿಲ್ಲ.

2027ರ ಯುಗಾದಿ ಏಪ್ರಿಲ್ 7, ಬುಧವಾರ. ಅದಾದ ಮೇಲಿನ ಮೊದಲ ಶನಿವಾರ 10ನೇ ತಾರೀಕು. ಅಡುಗೆಮನೆಯ ಗೋಡೆಯ ಮೇಲಿನ ಪಟ್ಟಿಯಲ್ಲಿ ಆ ದಿನದ ಮುಂದೆ ನಿಮ್ಮ ಹೆಸರು ಬೇರೆಯವರಿಗಿಂತ ಮೊದಲೇ ಬರೆದಿಡಿ.